ಫಿಲೋಮಿನಾ ಬಾಯಿಯ ಹೆಸರಿನಲ್ಲಿ

ಸೌತ್ ಬಿ ಬಡಾವಣೆಯ ಕೊನೆಯ ಸಾಲಿನಲ್ಲಿ ಫಿಲೋಮಿನಾ ಬಾಯಿಯ ಮನೆ. ಗಾಳಿ ತಿರುಗಿದ ದಿನ ಇಂಡಸ್ಟ್ರಿಯಲ್ ಏರಿಯಾದ ಹೊಗೆಯೆಲ್ಲ ಅವರ ಹಿತ್ತಿಲಿನಲ್ಲಿ ಒಣಗಹಾಕಿದ ಬಟ್ಟೆಗೇ ಬಂದು ಅಂಟುತ್ತಿತ್ತು. ಮುಂದಿನ ಜಗಲಿಗೆ ಗಾಜು ಹಾಕಿಸಿ, ಒಂದು ಹೊಲಿಗೆಯ ಕಾಲುಮೆಷಿನ್ನು, ಒಂದು ಉದ್ದನೆಯ ಮೇಜು, ಆಳೆತ್ತರದ ಒಂದು ಕನ್ನಡಿ ಇಟ್ಟುಕೊಂಡು ಇಪ್ಪತ್ತು ವರ್ಷಗಳಿಂದ ಅವರು ನೈರೋಬಿಯ ಕನ್ನಡಿಗರ ಮಾನ ಮುಚ್ಚುತ್ತ ಬಂದಿದ್ದರು. ಶಾಲೆಯ ಸಮವಸ್ತ್ರ, ಸೀರೆಯ ರವಿಕೆ, ಮದುವೆಯ ಲಂಗ, ಎಲ್ಲಕ್ಕಿಂತ ಹೆಚ್ಚಾಗಿ ಗಂಡಸರ ಪ್ಯಾಂಟು. ಆ ಊರಿಗೆ ಬಂದ ಡಾಕ್ಟರುಗಳ, ಲೆಕ್ಚರರುಗಳ ಸೊಂಟ ಎರಡನೆಯ ವರ್ಷದಿಂದಲೇ ಹಿಗ್ಗತೊಡಗುತ್ತಿತ್ತು. ಯಾವ ಸೊಂಟ ಯಾವ ವರ್ಷ ಎಷ್ಟು ಹಿಗ್ಗಿತು ಎಂಬುದು ಬಾಯಿಗೆ ಕಂಠಪಾಠವಾಗಿತ್ತು. ಆದರೆ ಒಬ್ಬರ ಅಳತೆಯನ್ನು ಇನ್ನೊಬ್ಬರ ಮುಂದೆ ಆಡಿದವರಲ್ಲ.

ಅವರ ಅಂಗಡಿಯಲ್ಲಿ ಒಂದು ನಿಯಮವಿತ್ತು. ಬಟ್ಟೆ ಯಾರದೋ ಅವರೇ ತಮ್ಮ ಹೆಸರನ್ನು ತಮ್ಮ ಕೈಯಿಂದಲೇ ಚೀಟಿಯಲ್ಲಿ ಬರೆದುಕೊಡಬೇಕು. ಬಾಯಿ ಆ ಚೀಟಿಯನ್ನು ಗುಂಡುಸೂಜಿಯಿಂದ ಬಟ್ಟೆಗೆ ಚುಚ್ಚುವರು. ಹಿಂದೊಮ್ಮೆ ಒಂದೇ ಬಣ್ಣದ ಎರಡು ರೇಷ್ಮೆ ರವಿಕೆಗಳು ಅದಲುಬದಲಾಗಿ, ಇಬ್ಬರು ಹೆಂಗಸರು ಆರು ವರ್ಷ ಮಾತು ಬಿಟ್ಟಿದ್ದರು. ಅಂದಿನಿಂದ ಈ ನಿಯಮ. "ಹೆಸರಿಲ್ಲದ ಬಟ್ಟೆ ನಾನು ಮುಟ್ಟುವುದಿಲ್ಲ" ಎಂದು ಅವರು ಹೇಳಿದರೆ ರಾಯಭಾರಿಯ ಹೆಂಡತಿಯಾದರೂ ಪೆನ್ನು ಹಿಡಿಯಬೇಕಿತ್ತು.

ಇಂಥ ಹೆಂಗಸು ಬೇರೆಯವರ ಸೊತ್ತನ್ನು ತನ್ನ ಹೆಸರಿನಲ್ಲಿ ಇಟ್ಟುಕೊಂಡಳು ಎಂದರೆ ಯಾರೂ ನಂಬಲಾರರು. ಆದರೂ ಅದು ನಡೆಯಿತು. ನಡೆಸಿದವರು ಓದಿದವರು.

ಬಾಯಿಯ ಗಂಡ ಬರ್ನಾರ್ಡ್ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಅರುವತ್ತಮೂರರಲ್ಲಿ ಈ ದೇಶಕ್ಕೆ ಸ್ವಾತಂತ್ರ್ಯ ಬಂದಾಗ, ಇಲ್ಲಿ ನೆಲೆಸಿದ ಹೊರಗಿನವರು ಬೇಕಾದರೆ ಕೀನ್ಯಾದ ಪೌರರಾಗಬಹುದೆಂದು ಎರಡು ವರ್ಷದ ಗಡುವು ಕೊಟ್ಟಿದ್ದರು. ಎಲ್ಲರೂ ಯೋಚಿಸುತ್ತ ಕುಳಿತರು. ಬರ್ನಾರ್ಡ್ ಯೋಚಿಸಲಿಲ್ಲ. "ಅನ್ನ ಇಲ್ಲಿಯದ್ದು, ನೀರು ಇಲ್ಲಿಯದ್ದು, ಕಾಗದ ಮಾತ್ರ ಬೇರೆ ಕಡೆಯದ್ದು ಯಾಕೆ?" ಎಂದು ಹೆಂಡತಿಯನ್ನು ಕರೆದುಕೊಂಡು ಹೋಗಿ ಇಬ್ಬರ ಹೆಸರನ್ನೂ ನೋಂದಾಯಿಸಿದರು. ಪ್ರಮಾಣವಚನ ಹೇಳುವಾಗ ಬಾಯಿ ಎರಡು ಸಲ ತಡವರಿಸಿದರಂತೆ. ಅಧಿಕಾರಿ ಒಂದು ಲೋಟ ನೀರು ಕೊಟ್ಟು, "ಕರಿಬು, ಮಾಮಾ" ಎಂದನಂತೆ. ಸ್ವಾಗತ, ಅಮ್ಮಾ, ಎಂದು. ಆ ಮಾತನ್ನು ಅವರು ಮಗಳು ಎಲ್ಸಿಗೆ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ.

ಊರಿನ ಕನ್ನಡ ಸಂಘದವರಿಗೆ ಮಾತ್ರ ಇದು ಮೂವತ್ತು ವರ್ಷ ಹಳತಾಗದ ನಗೆಚಾಟಿಕೆಯಾಯಿತು. ಕಿಲಿಮಾನಿ ಬಡಾವಣೆಯ ದಂತವೈದ್ಯ ವಿಶ್ವನಾಥರು ಬಾಯಿಗೆ "ಕೀನ್ಯಾದ ಸೊಸೆ" ಎಂದು ಹೆಸರಿಟ್ಟಿದ್ದರು. ಕರೆಂಟು ಹೋದರೆ, ನಲ್ಲಿಯಲ್ಲಿ ನೀರು ನಿಂತರೆ, ಬಾಡಿಗೆ ವ್ಯಾನಾದ ಮಟಾಟುವಿನಲ್ಲಿ ಯಾರದ್ದಾದರೂ ಜೇಬು ಕತ್ತರಿಸಿದರೆ, "ಏನಮ್ಮಾ ಸೊಸೆ, ನಿಮ್ಮ ಮಾವನ ಮನೆಯ ಪಾಡು ಹೀಗಾಯ್ತಲ್ಲ!" ಎಂದು ಎಲ್ಲರೆದುರು ಕೇಳುವರು. ಸುತ್ತಲಿನವರು ನಗುವರು. ಡಾಕ್ಟರು ಆ ಮಾವನ ಮನೆಯ ಹಲ್ಲುಗಳನ್ನೇ ಕಿತ್ತು ಮೂರು ಮನೆ ಕಟ್ಟಿಸಿದ್ದರೆಂಬುದು ಯಾರಿಗೂ ನಗೆಯ ವಿಷಯವಾಗಿ ತೋರಲಿಲ್ಲ. ತಮ್ಮ ಭಾರತದ ಪಾಸ್‌ಪೋರ್ಟನ್ನು ಅವರು ಬೀರುವಿನಲ್ಲಿ, ಹೆಂಡತಿ ಕಮಲಾ ಅವರ ಒಡವೆಯ ಪಕ್ಕದಲ್ಲಿ ಇಟ್ಟಿದ್ದರು.

ಹೀಗಿರುವಾಗ, ಸಾವಿರದ ಒಂಬೈನೂರ ತೊಂಬತ್ತೆರಡರ ಜುಲೈ ತಿಂಗಳ ಒಂದು ಭಾನುವಾರ, ಇಗರ್ಜಿಯ ಪೂಜೆ ಮುಗಿಸಿ ಬಂದ ಬಾಯಿ ಸ್ವೆಟರು ಬಿಚ್ಚುವುದರೊಳಗೆ ಮನೆಯ ಮುಂದೆ ಎರಡು ಕಾರುಗಳು ನಿಂತವು. ಡಾಕ್ಟರು, ಕಮಲಾ, ಅವರ ಹಿಂದೆ ಅರ್ಥಶಾಸ್ತ್ರದ ಲೆಕ್ಚರರ್ ಚಿದಾನಂದ. ಕಮಲಾ ಅವರ ಕೈಯಲ್ಲಿ ಒಂದು ಡಬ್ಬಿ ಹೋಳಿಗೆ. ಪ್ಯಾಂಟು ಕೊಡುವುದಕ್ಕೂ ಡ್ರೈವರನ್ನು ಕಳಿಸುವ ಮನೆತನದವರು ಹೋಳಿಗೆ ಹೊತ್ತು ತಂದಾಗಲೇ ಬಾಯಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಸಂತೋಷವೇ ಆಯಿತು.

"ಫಿಲೋಮಿನಮ್ಮಾ, ಚೆನ್ನಾಗಿದ್ದೀರಾ?" ಎಂದರು ಡಾಕ್ಟರು. ಅಂದು ಸೊಸೆ ಅಮ್ಮನಾಗಿದ್ದಳು.

ವಿಷಯ ಇಷ್ಟೆ. ಪೊವು ಸೋಪ್ಸ್ ಎಂಬ ಸಾಬೂನಿನ ಕಂಪನಿ ತನ್ನ ಷೇರುಗಳನ್ನು ಸಾರ್ವಜನಿಕರಿಗೆ ಮಾರುತ್ತಿತ್ತು. ಪೊವು ಎಂದರೆ ಸ್ವಾಹಿಲಿಯಲ್ಲಿ ನೊರೆ. ಊರಿನಲ್ಲೆಲ್ಲ ಅದೇ ಮಾತು. ಇಂದು ಕೊಂಡರೆ ವರ್ಷದೊಳಗೆ ಮೂರು ಪಟ್ಟು. ಆದರೆ ಆ ಷೇರು ಕೊಳ್ಳಲು ಕೀನ್ಯಾದ ಪೌರರಿಗೆ ಮಾತ್ರ ಅವಕಾಶ. ಸಂಘದ ಹನ್ನೊಂದು ದೊಡ್ಡ ಮನೆಗಳಲ್ಲಿ ಹುಡುಕಿದರೂ ಒಬ್ಬ ಪೌರನಿರಲಿಲ್ಲ.

"ಜಸ್ಟ್ ಫಾರ್ಮಾಲಿಟಿ ಬಾಯಿ," ಎಂದರು ಚಿದಾನಂದರು. "ದುಡ್ಡು ನಮ್ದು, ರಿಸ್ಕ್ ನಮ್ದು. ನಿಮ್ದು ನೇಮ್ ಅಷ್ಟೇ. ಇಲ್ಲೊಂದು ಸೈನ್, ಇಲ್ಲೊಂದು ಸೈನ್."

"ಅದು ಯಾವ ಕಂಪೆನಿ ಮಾರಾಯ್ರೆ?"

"ಪೊವು. ಇಲ್ಲೇ ನಿಮ್ಮ ಪಕ್ಕದಲ್ಲೇ ಇದೆಯಲ್ಲ. ಎರಡು ಫ್ಯಾಕ್ಟರಿ. ಲುಂಗಾ ಲುಂಗಾ ರಸ್ತೇಲಿ ಹೊಸದು, ಡಬಲ್ ಕೆಪ್ಯಾಸಿಟಿ."

ಬಾಯಿಗೆ ನಗು ಬಂತು. "ಲುಂಗಾ ಲುಂಗಾದಲ್ಲಾ? ನಾನು ಗುಂಡಿ, ಝಿಪ್ಪು ತರಲಿಕ್ಕೆ ಅದೇ ದಾರಿಯಲ್ಲಿ ಹೋಗುವುದು. ಅಲ್ಲಿ ದೊಡ್ಡ ಗೇಟೊಂದು ಉಂಟು, ಬೋರ್ಡೂ ಉಂಟು. ಗೇಟಿನ ಹಿಂದೆ ಎಂತದೂ ಇಲ್ಲ. ಆಡು ಮೇಯ್ತಾ ಇರ್ತದೆ."

ಚಿದಾನಂದರು ಡಾಕ್ಟರ ಮುಖ ನೋಡಿದರು. ಡಾಕ್ಟರು ಚಿದಾನಂದರ ಮುಖ ನೋಡಿದರು. ಇಬ್ಬರೂ, ಅಂಗಳದಲ್ಲಿ ಮಗು ತೊದಲಿದಾಗ ದೊಡ್ಡವರು ನಗುವ ಹಾಗೆ ನಕ್ಕರು.

"ಬಾಯಿ, ನೀವು ಪ್ರಾಸ್ಪೆಕ್ಟಸ್ ಓದಿದೀರಾ? ಬ್ಯಾಲೆನ್ಸ್ ಶೀಟ್ ಅಂದ್ರೆ ಗೊತ್ತಾ?"

"ಇಲ್ಲ ಮಾರಾಯ್ರೆ. ಆಡು ಅಂದ್ರೆ ಗೊತ್ತುಂಟು."

ಆಡುಗಳ ಮಾತು ಅಲ್ಲಿಗೆ ಮುಗಿಯಿತು. ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುವ ಒಬ್ಬ ಮನುಷ್ಯ ಕಾರನ್ನು ಹತ್ತು ನಿಮಿಷ ಆಚೆಗೆ ಓಡಿಸಿ ಗೇಟಿನ ಸಂದಿಯಲ್ಲಿ ಇಣುಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮುದ್ರಿತ ಕಾಗದದಲ್ಲಿ ಇದ್ದುದನ್ನು ಕಣ್ಣಿನಿಂದ ನೋಡಲು ಹೋಗುವುದು ಅವರ ಅಂತಸ್ತಿಗೆ ಕಡಿಮೆ.

ಬಾಯಿ ಸಹಿ ಹಾಕಿದರು. ಹೋಳಿಗೆಯ ಡಬ್ಬಿ ಮೇಜಿನ ಮೇಲಿತ್ತು. ಮೂವತ್ತು ವರ್ಷದಲ್ಲಿ ಮೊದಲ ಸಲ ದೊಡ್ಡ ಮನೆಯವರು ತನ್ನ ಕುರ್ಚಿಯಲ್ಲಿ ಕುಳಿತಿದ್ದರು. ಇಲ್ಲ ಎನ್ನಲು ನಾಲಗೆ ಏಳಲಿಲ್ಲ. ಅರ್ಜಿಯಲ್ಲಿ ಏನಿದೆಯೆಂದು ಓದಲಿಲ್ಲ. ಅದು ಅವರು ಮಾಡಿದ ತಪ್ಪು.

ಅವರು ಸಹಿ ಹಾಕಿ ಪೆನ್ನು ಕೆಳಗಿಡುತ್ತಲೇ ಚಿದಾನಂದರು ಕಂಕುಳಿನ ಚೀಲದಿಂದ ಇನ್ನೊಂದು ಕಾಗದ ತೆಗೆದರು. ದಪ್ಪ ಹಾಳೆ, ಮೇಲೆ ಸರ್ಕಾರದ ಸ್ಟಾಂಪು. "ಈ ಷೇರುಗಳಲ್ಲಿ ಒಂದೂ ನನ್ನದಲ್ಲ. ಕೆಳಗೆ ಹೆಸರಿಸಿದ ಹನ್ನೊಂದು ಮಂದಿ ಇವುಗಳ ನಿಜವಾದ ಒಡೆಯರು" ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಹನ್ನೊಂದು ಹೆಸರು ಬೆರಳಚ್ಚಾಗಿದ್ದವು. ಆ ಹನ್ನೊಂದರ ಮುಂದೆ ಒಂದು ಸಹಿಯೂ ಇರಲಿಲ್ಲ. ಸಹಿಗೆ ಜಾಗ ಬಿಟ್ಟಿದ್ದದ್ದು ಬಾಯಿಗೆ ಮಾತ್ರ.

"ತಪ್ಪು ತಿಳೀಬೇಡಿ," ಎಂದರು ಕಮಲಾ, ಸೆರಗು ಸರಿಮಾಡಿಕೊಳ್ಳುತ್ತ. "ನಾಳೆ ನಿಮಗೇನಾದ್ರೂ ಆದ್ರೆ ಎಲ್ಸಿ ಬಂದು ನಂದು ಅನ್ನಬಾರದಲ್ಲ, ಅದಕ್ಕೆ."

ತನ್ನ ಹೆಸರು ಅವರಿಗೆ ಬೇಕು, ತಾನು ಬೇಡ ಎಂಬುದು ಬಾಯಿಗೆ ಆ ಕ್ಷಣ ಚುಚ್ಚಿದ ಹಾಗೆ ತಿಳಿಯಿತು. ಅದಕ್ಕೂ ಸಹಿ ಹಾಕಿದರು. ಅಂದು ಸಂಜೆ ಹೋಳಿಗೆಯ ಡಬ್ಬಿಯನ್ನು ತೆರೆಯದೆಯೇ ನೆರೆಮನೆಯವರಿಗೆ ಕೊಟ್ಟುಬಿಟ್ಟರು.

ಮೊದಲ ವರ್ಷ ನೊರೆ ಉಬ್ಬಿತು. ಡಾಕ್ಟರು ಸಂಘದ ಊಟದಲ್ಲಿ ಹಲ್ಲಿನ ಮಾತು ಬಿಟ್ಟು ಷೇರಿನ ಮಾತೇ ಆಡಿದರು. ಚಿದಾನಂದರಂತೂ ಪೇಟೆ ತಮ್ಮ ಮಾತು ಕೇಳಿಯೇ ಏರುತ್ತಿದೆಯೆಂಬ ಗತ್ತಿನಲ್ಲಿ ತಿರುಗಾಡಿದರು. ಬಾಯಿಗೆ ಯಾರೂ ಏನೂ ಹೇಳಲಿಲ್ಲ. ಅವರು ಮತ್ತೆ ಸೊಸೆಯಾಗಿದ್ದರು.

ತೊಂಬತ್ತನಾಲ್ಕರಲ್ಲಿ ಯಾವುದೋ ಪತ್ರಿಕೆಯ ವರದಿಗಾರನೊಬ್ಬ ಲುಂಗಾ ಲುಂಗಾ ರಸ್ತೆಗೆ ಹೋಗಿ ಆ ಗೇಟಿನ ಹಿಂದಿನ ಚಿತ್ರ ತೆಗೆದು ಪ್ರಕಟಿಸಿದ. ಚಿತ್ರದಲ್ಲಿ ಆಡುಗಳೂ ಇದ್ದವು. ಒಂದು ಆಡು ನೇರವಾಗಿ ಓದುಗರ ಕಡೆಗೆ ನೋಡುತ್ತಿತ್ತು. ಎರಡು ವಾರದೊಳಗೆ ಆ ಷೇರಿನ ಬೆಲೆಯಲ್ಲಿ ಒಂದು ಸಾಬೂನೂ ಬರದಂತಾಯಿತು.

ಹನ್ನೊಂದು ಮನೆಗಳಲ್ಲಿ ಬಾಯಿ ಬಡಿದುಕೊಳ್ಳುವುದು ನಡೆಯಿತು. ಆಗ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಬಂತು. ಕಂಪನಿಯು ಸುಳ್ಳು ಹೇಳಿ ಷೇರು ಮಾರಿತೆಂದು ಅದರ ನಿರ್ದೇಶಕರ ಮೇಲೆ ದಾವೆ ಹೂಡಲು ಪೀಟರ್ ಒಚಿಯೆಂಗ್ ಎಂಬ ವಕೀಲ ಸಿದ್ಧನಾಗಿದ್ದ. ಒಂದೇ ಬಗೆಯ ನಷ್ಟಕ್ಕೆ ಒಳಗಾದವರು ನೂರಾರು ಮಂದಿ ಇದ್ದರೆ ಅವರಲ್ಲಿ ಒಬ್ಬರು ಮುಂದೆ ನಿಂತು ಎಲ್ಲರ ಪರವಾಗಿ ದಾವೆ ಹೂಡಬಹುದು. ಉಳಿದವರು ಪಟ್ಟಿಯಲ್ಲಿ ಹೆಸರು ಬರೆಸಿದರೆ ಸಾಕು. ಮುನ್ನೂರು ಮಂದಿ ಆಗಲೇ ಬರೆಸಿದ್ದರು. ನರ್ಸುಗಳು, ಶಾಲೆಯ ಮೇಷ್ಟರುಗಳು, ಮಟಾಟು ಓಡಿಸುವವರು, ಮಾರುಕಟ್ಟೆಯಲ್ಲಿ ಸೊಪ್ಪು ಮಾರುವ ಹೆಂಗಸರು. ಮುಂದೆ ನಿಲ್ಲಲು ಹೆಚ್ಚು ಷೇರುಗಳಿದ್ದ ಸಾಮಾನ್ಯರೊಬ್ಬರು ಬೇಕಾಗಿದ್ದರು. ಕಂಪನಿಯ ದಾಖಲೆ ನೋಡಿದರೆ ಅಂಥ ಹೆಸರು ಒಂದೇ ಇತ್ತು. ಸೌತ್ ಬಿ ಬಡಾವಣೆಯ ಹೊಲಿಗೆಯ ಫಿಲೋಮಿನಾ.

ಕಾರುಗಳು ಮತ್ತೆ ಬಂದವು. ಈ ಸಲ ಹೋಳಿಗೆಯ ಜೊತೆಗೆ ಒಂದು ಶಾಲು, ಒಂದು ಬುಟ್ಟಿ ಹಣ್ಣು. ನಮ್ಮವರಿಗೆ ಯಾರನ್ನಾದರೂ ಗುಂಡಿಗೆ ತಳ್ಳಬೇಕಾದರೂ ಮೊದಲು ಶಾಲು ಹೊದಿಸಿ ಸನ್ಮಾನ ಮಾಡುವ ಅಭ್ಯಾಸ.

"ನಮ್ಮ ಕಮ್ಯುನಿಟಿಗೇ ಹೆಮ್ಮೆ ನೀವು," ಎಂದರು ಡಾಕ್ಟರು, ಶಾಲು ಹೊದಿಸುತ್ತ. "ಕನ್ನಡದ ಹೆಣ್ಣುಮಗಳೊಬ್ಬಳು ಹೈಕೋರ್ಟಿನಲ್ಲಿ ಬಡವರ ಪರ ನಿಲ್ತಾಳೆ ಅಂದ್ರೆ!"

"ನಾನು ಎಂತ ಮಾಡಬೇಕು?"

"ಏನಿಲ್ಲ. ಒಂದು ಅಫಿಡವಿಟ್. ಪ್ರಮಾಣ ಮಾಡಿ ಸೈನ್ ಮಾಡೋದು. ಗೆದ್ದರೆ ದುಡ್ಡು ನಿಮ್ಮ ಹೆಸರಿಗೆ ಬರುತ್ತೆ, ನಾವು ಹಂಚಿಕೊಳ್ತೀವಿ. ನಿಮಗೂ ಏನಾದ್ರೂ..." ಎಂದು ಚಿದಾನಂದರು ಕೈಯಾಡಿಸಿದರು.

"ಸೋತರೆ?"

ಕಮಲಾ ಹಣ್ಣಿನ ಬುಟ್ಟಿಯನ್ನು ಸ್ವಲ್ಪ ಮುಂದಕ್ಕೆ ತಳ್ಳಿದರು.

ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದ ಎಲ್ಸಿ ಅಂದು ಮನೆಯಲ್ಲಿದ್ದಳು. ವಕೀಲರು ಕಳಿಸಿದ ಅಫಿಡವಿಟ್ಟಿನ ಕರಡನ್ನೂ ಅದರ ಜೊತೆಗಿದ್ದ ಹಳೆಯ ಅರ್ಜಿಯ ಪ್ರತಿಯನ್ನೂ ಕಿಟಕಿಯ ಬಳಿ ನಿಂತು ಓದಿದಳು. ಓದುತ್ತ ಅವಳ ಮುಖ ಬಿಗಿಯಿತು.

"ಮಮ್ಮಿ, ಡಿಡ್ ಯು ಸೈನ್ ದಿಸ್?"

"ಹೌದು. ಯಾಕೆ?"

ಅವಳು ತನ್ನ ಹರಕುಮುರುಕು ಕನ್ನಡದಲ್ಲಿ ಬಿಡಿಸಿ ಹೇಳಿದಳು. ಎರಡು ವರ್ಷದ ಹಿಂದಿನ ಅರ್ಜಿಯಲ್ಲಿಯೇ ಇತ್ತು, "ಈ ಷೇರುಗಳನ್ನು ನನಗಾಗಿಯೇ ಕೊಳ್ಳುತ್ತಿದ್ದೇನೆ, ಪೌರರಲ್ಲದ ಯಾರ ಪರವಾಗಿಯೂ ಅಲ್ಲ, ಇದು ಸುಳ್ಳಾದರೆ ನಾನು ಶಿಕ್ಷೆಗೆ ಗುರಿ" ಎಂದು. ಈಗಿನ ಅಫಿಡವಿಟ್ಟಿನಲ್ಲಿ ಅದನ್ನೇ ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ ಮತ್ತೊಮ್ಮೆ ಹೇಳಬೇಕು. ಅಷ್ಟೇ ಅಲ್ಲ: "ಲುಂಗಾ ಲುಂಗಾ ರಸ್ತೆಯಲ್ಲಿ ಕಾರ್ಖಾನೆಯಿದೆ ಎಂದು ನಾನು ಪೂರ್ಣವಾಗಿ ನಂಬಿ ಮೋಸಹೋದೆ" ಎಂದೂ ಹೇಳಬೇಕು.

ಬಾಯಿ ಶಾಲನ್ನು ಹೆಗಲಿನಿಂದ ತೆಗೆದು ಮಡಿಸಿದರು. "ಡಾಕ್ಟ್ರೇ, ನಾನು ನಂಬಲೇ ಇಲ್ಲವಲ್ಲ. ಆಡು ಮೇಯ್ತದೆ ಅಂತ ಇದೇ ಕುರ್ಚಿಯಲ್ಲಿ ಕೂತು ಹೇಳಿದ್ದೆ. ನಂಬಿದ್ದು ನೀವು."

"ಅಯ್ಯೋ, ಅದೆಲ್ಲ ಲೀಗಲ್ ಲ್ಯಾಂಗ್ವೇಜ್ ಬಾಯಿ!"

"ಮತ್ತೆ ಷೇರು ನನ್ನದಲ್ಲ ಅಂತ ಕಾಗದ ಬರೆಸಿಕೊಂಡಿದ್ದೀರಿ. ಈಗ ನನ್ನದು ಅಂತ ದೇವರ ಮುಂದೆ ಹೇಳಬೇಕಾ?"

ಚಿದಾನಂದರು ಇದಕ್ಕಾಗಿಯೇ ಕಾದಿದ್ದವರಂತೆ ಚೀಲದಿಂದ ಆ ಸ್ಟಾಂಪು ಕಾಗದವನ್ನು ತೆಗೆದರು. ದಾನ ಕೊಡುವ ಭಂಗಿಯಲ್ಲಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಎರಡಾಗಿ, ಮತ್ತೆ ನಾಲ್ಕಾಗಿ ಹರಿದರು. "ನೋಡಿ! ಈಗ ನಿಮ್ಮದೇ. ಕಾಗದವೇ ಇಲ್ಲ. ಇನ್ನು ಸುಳ್ಳೆಲ್ಲಿ ಬಂತು?"

ಅರ್ಥಶಾಸ್ತ್ರದಲ್ಲಿ ಸತ್ಯವನ್ನು ಹುಟ್ಟಿಸುವ ಕ್ರಮ ಇದಿರಬೇಕು. ಹರಿದ ಚೂರುಗಳನ್ನು ಬಾಯಿಯ ಕತ್ತರಿಯ ಬುಟ್ಟಿಗೆ, ಬಟ್ಟೆಯ ತುಂಡುಗಳ ನಡುವೆ ಹಾಕಿ, ಕೈಕೊಡವಿಕೊಂಡು, ಗುರುವಾರ ವಕೀಲರ ಬಳಿಗೆ ಹೋಗಿ ಸಹಿ ಮಾಡಿಬಿಡಿ ಎಂದು ಹೇಳಿ, ಮೂವರೂ ಕಾರು ಹತ್ತಿದರು. ಹೋಗುವಾಗ ಡಾಕ್ಟರು ಬಾಗಿಲಲ್ಲಿ ತಿರುಗಿ, "ಹಾಂ, ಆ ಬೂದು ಪ್ಯಾಂಟು ಸ್ವಲ್ಪ ಬಿಗಿಯಾಗಿದೆ, ಕಳಿಸ್ತೀನಿ" ಎಂದರು.

ಅವರು ಹೋದಮೇಲೆ ಬಾಯಿ ಮಡಿಸಿದ ಶಾಲನ್ನು ಮೇಜಿನ ಮೂಲೆಗೆ ಸರಿಸಿ ಮೆಷಿನ್ನಿನ ಮುಂದೆ ಕುಳಿತರು.

"ಜಸ್ಟ್ ಡೋಂಟ್ ಸೈನ್, ಮಮ್ಮಿ," ಎಂದಳು ಎಲ್ಸಿ.

"ಸೈನ್ ಮಾಡದಿದ್ದರೆ ಮೊದಲಿನ ಸುಳ್ಳು ಹಾಗೇ ಉಳಿಯುತ್ತದಲ್ಲ ಮಗಾ. ನಿನ್ನ ಅಪ್ಪ ಈ ದೇಶದ ಕಾಗದಕ್ಕೆ ಎಂತ ಬೆಲೆ ಕೊಟ್ಟಿದ್ದರು ಗೊತ್ತುಂಟಾ? ನಾನು ಅದನ್ನು ಹೋಳಿಗೆಗೆ ಬಾಡಿಗೆ ಕೊಟ್ಟೆ."

"ದೇ ಕುಡ್ ಟೇಕ್ ಅವೇ ಯುವರ್ ಸಿಟಿಜನ್‌ಶಿಪ್!"

ಭಯವಿದ್ದುದು ಅದೇ. ಅರುವತ್ತೆರಡನೆಯ ವಯಸ್ಸಿನಲ್ಲಿ ಆ ಕಾಗದ ಹೋದರೆ ಹೋಗುವುದೆಲ್ಲಿಗೆ? ಹುಟ್ಟೂರು ಕಾರ್ಕಳದ ಕಡೆ ಈಗ ಗುರುತಿನವರೇ ಇಲ್ಲ. ಬರ್ನಾರ್ಡರ ಸಮಾಧಿ ಇಲ್ಲಿದೆ. ಆದರೂ ಬಾಯಿ ಬಗ್ಗಿ ಬುಟ್ಟಿಯಿಂದ ನಾಲ್ಕು ಚೂರುಗಳನ್ನು ಹೆಕ್ಕಿದರು. ಮೇಜಿನ ಮೇಲೆ ಅಂಚಿಗೆ ಅಂಚು ಕೂಡಿಸಿಟ್ಟರು. ಕೆಳಗೆ ಒಂದು ಹಳೆಯ ಬಿಳಿ ಬಟ್ಟೆ ಇಟ್ಟು, ಸೂಜಿಗೆ ನೂಲು ಪೋಣಿಸಿ, ಅಕ್ಷರಗಳು ಮುಚ್ಚದಂತೆ, ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿದರು. ಹನ್ನೊಂದು ಹೆಸರೂ ಮತ್ತೆ ಓದಲು ಬರುವಂತಾಯಿತು.

ಗುರುವಾರ ರಿವರ್ ರಸ್ತೆಯ ಹಳೆಯ ಕಟ್ಟಡದ ಮೂರು ಮಹಡಿ ಹತ್ತಿ ಅವರು ವಕೀಲ ಪೀಟರನ ಕಚೇರಿಗೆ ಹೋದಾಗ ಅಲ್ಲಿನ ಬೆಂಚಿನ ಮೇಲೆ ಜಾಗವಿರಲಿಲ್ಲ. ಪಟ್ಟಿಯಲ್ಲಿ ಹೆಸರು ಬರೆಸಲು ಬಂದವರು ಗೋಡೆಗೆ ಒರಗಿ ನಿಂತಿದ್ದರು. ಮೇರಿ ಎಂಬ ನರ್ಸೊಬ್ಬಳು, ರಾತ್ರಿಪಾಳಿಯ ಸಮವಸ್ತ್ರದಲ್ಲೇ ಬಂದಿದ್ದವಳು, ಎದ್ದು ಇವರಿಗೆ ಜಾಗ ಕೊಟ್ಟಳು. "ನಿಮ್ಮದು ಎಷ್ಟು ಹೋಯಿತು, ಮಾಮಾ?" ಎಂದು ಕೇಳಿದಳು. ಅವಳು ತಂಗಿಯ ಶಾಲೆಯ ಫೀಸಿಗೆಂದು ಕೂಡಿಟ್ಟಿದ್ದನ್ನು ಹಾಕಿದ್ದಳಂತೆ. ಬಾಯಿಗೆ ತಲೆ ಎತ್ತಲಾಗಲಿಲ್ಲ.

ಪೀಟರನಿಗೆ ಸಂಭ್ರಮವೋ ಸಂಭ್ರಮ. "ವಿಧವೆ, ಟೈಲರ್, ದುಡಿದು ತಿನ್ನುವವರು! ನ್ಯಾಯಾಧೀಶರು ನಿಮ್ಮನ್ನು ನೋಡಿದರೆ ಸಾಕು, ಅರ್ಧ ಕೇಸು ಗೆದ್ದ ಹಾಗೆ."

ಬಾಯಿ ಚೀಲದಿಂದ ಬಟ್ಟೆ ಬಿಡಿಸಿ ಅವನ ಮೇಜಿನ ಮೇಲೆ ಹರಡಿದರು. ಅವನು ಮೊದಲು ಕಸೂತಿಯೆಂದುಕೊಂಡ. ಆಮೇಲೆ ಓದಿದ. ಓದಿ ಕನ್ನಡಕ ತೆಗೆದಿಟ್ಟ. ಬಾಯಿ ನಡೆದುದನ್ನೆಲ್ಲ ಸ್ವಾಹಿಲಿಯಲ್ಲಿ ಹೇಳಿದರು, ಆಡುಗಳನ್ನೂ ಬಿಡದೆ.

"ಮಾಮಾ," ಎಂದ ಪೀಟರ್ ಕೊನೆಗೆ, "ಇದನ್ನು ಇವತ್ತು ನೀವು ನನಗೆ ಹೇಳದೆ, ನಾಳೆ ಎದುರು ಪಕ್ಷದ ವಕೀಲ ನ್ಯಾಯಾಧೀಶರಿಗೆ ಹೇಳಿದ್ದರೆ ಪಟ್ಟಿಯಲ್ಲಿರುವ ಮುನ್ನೂರು ಜನರ ಗತಿ ಏನಾಗುತ್ತಿತ್ತು? ಮುಂದೆ ನಿಂತವರು ಸುಳ್ಳಾದರೆ ಹಿಂದಿನವರೆಲ್ಲ ಸುಳ್ಳು."

"ಅದಕ್ಕೇ ಬಂದೆ. ನನಗೆ ಎಂತ ಶಿಕ್ಷೆ?"

"ಕಂಪನಿಗಳ ನೋಂದಣಿ ಕಚೇರಿಗೆ ನೀವೇ ಬರೆದುಕೊಡಬೇಕು. ದಂಡ ಆಗಬಹುದು. ಜೈಲು ಅಂತಲೂ ಕಾಯಿದೆಯಲ್ಲಿದೆ. ಪೌರತ್ವದ ಮಾತು ಏಳುವುದೇ ಇಲ್ಲ ಅಂತ ನಾನು ಹೇಳಲಾರೆ." ಅವನು ಹೊಲಿದ ಕಾಗದವನ್ನು ಮತ್ತೆ ನೋಡಿದ. "ಈ ಹನ್ನೊಂದು ಜನ? ಅವರೂ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಅವರಿಗೂ ಏನಾದರೂ ದಾರಿ ಹುಡುಕಬಹುದು. ಆದರೆ ಅವರ ಹೆಸರನ್ನು ಅವರೇ ಬರೆಯಬೇಕು."

"ಅದು ನನ್ನ ಅಂಗಡಿಯ ನಿಯಮವೂ ಹೌದು," ಎಂದರು ಬಾಯಿ. ಅವನಿಂದ ಪಟ್ಟಿಯ ಒಂದು ಖಾಲಿ ಹಾಳೆ ಕೇಳಿ ಪಡೆದುಕೊಂಡರು.

ಮುಂದಿನ ಭಾನುವಾರ ಎನ್ಗಾರಾದ ಶಾಲೆಯೊಂದರ ಹಾಲಿನಲ್ಲಿ ಸಂಘದ ತಿಂಗಳ ಊಟ. ಬಿಸಿಬೇಳೆ ಮುಗಿದು ಮೊಸರನ್ನ ಬರುವ ಹೊತ್ತಿಗೆ ಬಾಯಿ ಆ ಹಾಳೆಯನ್ನು ಡಾಕ್ಟರ ಎಲೆಯ ಪಕ್ಕದಲ್ಲಿ ಇಟ್ಟರು. ಮೇಲೆ ಒಂದು ಪೆನ್ನು.

"ನಾನು ವಕೀಲರಿಗೆ ಸತ್ಯ ಹೇಳಿದ್ದೇನೆ. ಮುಂದೆ ನಿಲ್ಲುವುದು ನಾನಲ್ಲ, ಮೇರಿ ಅಂತ ಒಬ್ಬಳು ನರ್ಸು. ದುಡ್ಡು ನಿಮ್ಮದಲ್ವಾ? ನಿಮ್ಮ ಹೆಸರು ನೀವೇ ಬರೆಯಿರಿ. ಹನ್ನೊಂದು ಗೆರೆ ಉಂಟು."

ಮೊಸರನ್ನದ ಪಾತ್ರೆ ಹಿಡಿದವರು ನಿಂತಲ್ಲೇ ನಿಂತರು.

"ಹೇಳಿಬಿಟ್ರಾ?" ಡಾಕ್ಟರ ಮುಖ ಬೆಳ್ಳಗಾಯಿತು. "ಯಾವ ಅಧಿಕಾರದ ಮೇಲೆ ಹೇಳಿದ್ರಿ? ನಮ್ಮ ಹೆಸರು ಹೇಳಿದ್ರಾ?"

"ನೀವು ಅಚ್ಚು ಹಾಕಿಸಿದ ಕಾಗದ ತೋರಿಸಿದೆ."

"ಅದನ್ನ ನಾನು ಹರಿದಿದ್ದೆನಲ್ಲ!" ಎಂದು ಚಿದಾನಂದರು ಕೂಗಿದರು.

"ನಾನು ಹೊಲಿಯುವವಳು ಸರ್. ಹರಿದದ್ದನ್ನು ಕೂಡಿಸುವುದೇ ನನ್ನ ಕೆಲಸ."

ಯಾರೋ ಹಿಂದಿನ ಸಾಲಿನಲ್ಲಿ ನಕ್ಕರು. ಆಮೇಲೆ ಆ ಹಾಳೆಯ ಪಯಣ ಶುರುವಾಯಿತು. ಡಾಕ್ಟರು ಅದನ್ನು ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿದರು. ತಮ್ಮ ಕ್ಲಿನಿಕ್ಕಿನ ಲೈಸೆನ್ಸು ನವೀಕರಣಕ್ಕೆ ಹೋಗಿದೆಯಂತೆ. ಪಕ್ಕದವರು ಕೈಯಲ್ಲಿ ತುಪ್ಪ ಆಗಿದೆ ಎಂದರು. ಅವರ ಪಕ್ಕದವರು ಕನ್ನಡಕ ತಂದಿಲ್ಲ ಎಂದರು. ಕನ್ನಡಕ ಅವರ ಹಣೆಯ ಮೇಲೆಯೇ ಇತ್ತು. ಒಬ್ಬ ಇಂಜಿನಿಯರು ತಮಗೆ ಆ ಷೇರಿನ ವಿಷಯವೇ ಗೊತ್ತಿಲ್ಲ, ಅದು ಹೆಂಡತಿಯದು ಎಂದರು. ಹೆಂಡತಿ ಅಲ್ಲೇ ಎದುರಿಗೆ ಕುಳಿತು, ಅದು ಗಂಡನದು ಎಂದಳು. ಚಿದಾನಂದರು, ತತ್ತ್ವಶಃ ತಾವು ಸಹಿಗೆ ವಿರೋಧಿಯಲ್ಲ, ಆದರೆ ವಿಶ್ವವಿದ್ಯಾಲಯದ ನೌಕರರಾಗಿ ಸರ್ಕಾರದ ನೀತಿಯ ಚೌಕಟ್ಟಿನಲ್ಲಿ, ಎಂದು ಶುರುಮಾಡಿ ಆ ವಾಕ್ಯವನ್ನು ಮುಗಿಸಲೇ ಇಲ್ಲ. ಪೆನ್ನು ಕೈಯಿಂದ ಕೈಗೆ ದಾಟಿ, ಒಂದು ಅಕ್ಷರವನ್ನೂ ಬರೆಯದೆ, ಹಾಲನ್ನು ಪೂರ್ತಿ ಸುತ್ತಿ ಬಾಯಿಯ ಬಳಿಗೇ ಬಂತು. ಹಾಳೆಯ ಮೇಲೆ ಒಂದು ಸಾಂಬಾರಿನ ಕಲೆ ಬಿಟ್ಟರೆ ಬೇರೇನೂ ಇರಲಿಲ್ಲ.

ಹೈಕೋರ್ಟಿಗೆ ಹೋದ ಪಟ್ಟಿಯಲ್ಲಿ ಸೊಪ್ಪು ಮಾರುವವರು ಹೆಬ್ಬೆಟ್ಟು ಒತ್ತಿದ್ದರು. ಈ ಮಹನೀಯರಿಗೆ ಹೆಬ್ಬೆಟ್ಟೂ ಏಳಲಿಲ್ಲ. ತಮ್ಮ ಹಣ ತಮ್ಮದೆಂದು ಹೇಳುವುದಕ್ಕೂ ಅವರಿಗೆ ಇನ್ನೊಬ್ಬರ ಬಾಯಿ ಬೇಕಾಗಿತ್ತು.

"ಇಷ್ಟು ವರ್ಷ ನಮ್ಮ ಜೊತೆ ಉಂಡು ನಮಗೇ ದ್ರೋಹ ಬಗೆದಿರಿ," ಎಂದರು ಕಮಲಾ. "ಎಷ್ಟಾದ್ರೂ ಕೀನ್ಯಾದ ಸೊಸೆ."

"ಹೌದು ಕಮಲಮ್ಮ," ಎಂದರು ಬಾಯಿ, ಹಾಳೆಯನ್ನು ಮಡಿಸುತ್ತ. "ಸೊಸೆ ತಪ್ಪು ಮಾಡಿದರೆ ಮನೆಯವರ ಮುಂದೆ ಹೋಗಿ ಒಪ್ಪಿಕೊಳ್ತಾಳೆ. ನೆಂಟರು ಹಾಗಲ್ಲ. ತಟ್ಟೆ ತೊಳೆಯುವ ಹೊತ್ತಿಗೆ ಎದ್ದು ಹೋಗ್ತಾರೆ."

ಸೋಮವಾರ ಬೆಳಿಗ್ಗೆ ಎಲ್ಸಿ ರಜೆ ಹಾಕಿ ತಾಯಿಯ ಜೊತೆ ನೋಂದಣಿ ಕಚೇರಿಗೆ ಹೋದಳು. ಅಲ್ಲಿ ಒಬ್ಬ ವಯಸ್ಸಾದ ಅಧಿಕಾರಿ ಬಾಯಿಯ ಹೇಳಿಕೆಯನ್ನು ನಿಧಾನವಾಗಿ ಎರಡು ಸಲ ಓದಿದ. ಹೊಲಿದ ಕಾಗದವನ್ನು ತಿರುಗಿಸಿ ಹಿಂದಿನ ಹೊಲಿಗೆಯನ್ನೂ ನೋಡಿದ. ಬೇಕಾದರೆ ಇದನ್ನೆಲ್ಲ ಯಾರಿಗೂ ತಿಳಿಸದೆ ಇರಬಹುದಾಗಿತ್ತಲ್ಲ, ಏಕೆ ಬಂದಿರಿ, ಎಂದು ಕೇಳಿದ.

"ಮೂವತ್ತು ವರ್ಷದ ಹಿಂದೆ ಇಂಥದೇ ಮೇಜಿನ ಮುಂದೆ ಪ್ರಮಾಣ ಮಾಡಿದ್ದೆ," ಎಂದರು ಬಾಯಿ. "ಅದು ನಿಜವಾದದ್ದು. ಆಮೇಲಿನದ್ದು ಸುಳ್ಳು. ಸುಳ್ಳಿಗೆ ಏನು ಬೇಕಾದರೂ ಮಾಡಿ. ಮೊದಲಿನದ್ದನ್ನು ಮಾತ್ರ ಬಿಡಿ."

ಅಧಿಕಾರಿ ಕಾಯಿದೆಯ ಪುಸ್ತಕ ತೆಗೆದು ಪುಟ ತಿರುವಿದ. ಕೊನೆಗೆ ಒಂದು ದಂಡ ಬರೆದ. ಎರಡು ತಿಂಗಳ ಹೊಲಿಗೆಯ ದುಡಿಮೆಯಷ್ಟು. ಷೇರುಗಳನ್ನು ತಡೆಹಿಡಿದು, ನಿಜವಾದ ಒಡೆಯರು ತಾವೇ ಬಂದು ಹೇಳಿಕೆ ಕೊಟ್ಟರೆ ವಿಚಾರಿಸುವುದು ಎಂದು ಷರಾ ಹಾಕಿದ. ಪೌರತ್ವದ ಮಾತನ್ನು ಎತ್ತಲೇ ಇಲ್ಲ. ರಸೀದಿ ಕೊಡುವಾಗ ಕೇಳಿದ: "ಆ ಒಡೆಯರು ಬರುತ್ತಾರೆಂದು ನಿಮಗನ್ನಿಸುತ್ತದೆಯೇ, ಮಾಮಾ?"

ಬಾಯಿಗೆ ನಗು ಬಂತು. ಅಧಿಕಾರಿಗೂ ಬಂತು.

ಯಾರೂ ಹೋಗಲಿಲ್ಲ. ದಾವೆ ಮೂರು ವರ್ಷ ನಡೆದು ರಾಜಿಯಲ್ಲಿ ಮುಗಿಯಿತು. ನಿರ್ದೇಶಕರು ಪಟ್ಟಿಯಲ್ಲಿದ್ದವರಿಗೆ ಹಾಕಿದ ಹಣದ ಅರ್ಧದಷ್ಟನ್ನು ಹಿಂದಿರುಗಿಸಿದರು. ಮೇರಿಯ ತಂಗಿಯ ಶಾಲೆಯ ಸಮವಸ್ತ್ರವನ್ನು ಹೊಲಿದವರು ಬಾಯಿಯೇ. ಹನ್ನೊಂದು ಮನೆಗಳಿಗೆ ನೊರೆಯೂ ಸಿಗಲಿಲ್ಲ.

ಆದರೆ ಅದೆಲ್ಲ ಆಮೇಲಿನ ಮಾತು. ಸಂಘದ ಆ ಊಟ ಕಳೆದ ಎರಡು ವಾರಕ್ಕೆ ಡಾಕ್ಟರ ಡ್ರೈವರ್ ಬೂದು ಪ್ಯಾಂಟನ್ನು ಹಿಡಿದುಕೊಂಡು ಬಾಯಿಯ ಬಾಗಿಲಲ್ಲಿ ನಿಂತಿದ್ದ. ನವೆಂಬರಿನ ರಾಜ್ಯೋತ್ಸವಕ್ಕೆ ಡಾಕ್ಟರದ್ದೇ ಅಧ್ಯಕ್ಷತೆ. ಅವರು ಎಲ್ಲೆಲ್ಲೋ ವಿಚಾರಿಸಿ ನೋಡಿದ್ದರು. ನೈರೋಬಿಯಲ್ಲಿ ಸೊಂಟದ ಹೊಲಿಗೆ ಬಿಚ್ಚಿ, ಎಲ್ಲಿ ಬಿಚ್ಚಿದರೆಂದು ತಿಳಿಯದ ಹಾಗೆ ಅಗಲ ಮಾಡುವ ಕೈ ಇನ್ನೊಂದಿರಲಿಲ್ಲ.

"ಚೀಟಿ ಎಲ್ಲಿ?"

ಡ್ರೈವರ್ ತಲೆ ಕೆರೆದುಕೊಂಡ. "ಹೆಸರು ಬರೆಯುವುದು ಬೇಡ ಅಂದರು ಯಜಮಾನರು. ನಿಮಗೆ ಗೊತ್ತಾಗುತ್ತದಂತೆ."

"ಗೊತ್ತಾಗುತ್ತದೆ. ಆದರೂ ಹೆಸರಿಲ್ಲದ ಬಟ್ಟೆ ನಾನು ಮುಟ್ಟುವುದಿಲ್ಲ ಅಂತ ಹೇಳು."

ಪ್ಯಾಂಟು ಹೋಯಿತು. ಮೂರು ದಿನ ಬಿಟ್ಟು ಮತ್ತೆ ಬಂತು. ಚೀಟಿಯಲ್ಲಿ ಕಮಲಾ ಅವರ ಅಕ್ಷರ. ಅದೂ ಹಿಂದಕ್ಕೆ ಹೋಯಿತು. ರಾಜ್ಯೋತ್ಸವಕ್ಕೆ ನಾಲ್ಕು ದಿನವಿರುವಾಗ, ಜಕರಂಡ ಹೂವು ರಸ್ತೆಯಲ್ಲೆಲ್ಲ ಉದುರಿ ಟೈರಿಗೆ ಅಂಟುತ್ತಿದ್ದ ಮಧ್ಯಾಹ್ನ, ಕಾರಿನಿಂದ ಡಾಕ್ಟರೇ ಇಳಿದರು. ಆಚೀಚೆ ನೋಡಿದರು. ಒಳಗೆ ಬಂದು, ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿಕೊಂಡು, ಚೀಟಿಯ ಮೂಲೆಯಲ್ಲಿ ಇರುವೆಯ ಗಾತ್ರದ ಅಕ್ಷರಗಳಲ್ಲಿ ತಮ್ಮ ಹೆಸರು ಬರೆದರು.

ಬಾಯಿ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದರು. ಗುಂಡುಸೂಜಿಯಿಂದ ಪ್ಯಾಂಟಿಗೆ ಚುಚ್ಚಿದರು.

"ನೋಡಿ, ಕೈ ಏನೂ ಬಿದ್ದುಹೋಗಲಿಲ್ಲವಲ್ಲ," ಎಂದರು. "ಗುರುವಾರ ಬನ್ನಿ. ನೀವೇ ಬರಬೇಕು."